ಹಳ್ಳ ತುಂಬಿ ಹರಿದರೂ ಅಳತೆಯ ನೀರು: ಮಕ್ಕಳಿಗೆ ಪರಿಸರದ ಅದಬು ಕಲಿಸುವ ಬಗೆ

ಜುಲೈ ತಿಂಗಳಲ್ಲಿ ಮೂಡಿಗೆರೆಯ ಮಗುವಿಗೆ 'ನೀರು ಉಳಿಸು' ಎಂದು ಹೇಳಿ ನೋಡಿ. ಸೂರಿನಿಂದ ಧಾರೆ ಸುರಿಯುತ್ತಿರುತ್ತದೆ, ಅಂಗಳಕ್ಕೆ ಕಾಲಿಟ್ಟರೆ ಕಪ್ಪೆ ಹಾರುತ್ತದೆ, ಒಲೆಯ ಮೇಲಿನ ತಂತಿಗೆ ಹಾಕಿದ ಯೂನಿಫಾರಂ ಮೂರು ದಿನವಾದರೂ ಒಣಗಿರುವುದಿಲ್ಲ. ಯಾವ ನೀರು, ಯಾಕೆ ಉಳಿಸಬೇಕು? ಮಗು ನಕ್ಕರೆ ತಪ್ಪು ಅದರದ್ದಲ್ಲ. ಇದೇ ಮಾತನ್ನು ಏಪ್ರಿಲ್‌ನಲ್ಲಿ ಅರಸೀಕೆರೆಯಲ್ಲೋ ಕಡೂರಿನಲ್ಲೋ ಹೇಳಿದರೆ ಬಿಡಿಸಿ ಹೇಳುವ ಕೆಲಸವೇ ಇಲ್ಲ. ಟ್ಯಾಂಕರ್ ಬಂತೆಂದು ಕೊಡ ಹಿಡಿದು ಓಡುವ ಮಕ್ಕಳು ಅಲ್ಲಿಯವರು.

ಶಾಲೆಯ ಪರಿಸರ ಪಾಠ ಬಹುಪಾಲು ಕೊರತೆಯ ಭಯದ ಮೇಲೆ ನಿಂತಿದೆ: ಮುಗಿದುಹೋಗುತ್ತದೆ, ಅದಕ್ಕೇ ಉಳಿಸಿ. ಮಲೆನಾಡಿನ ಮಗುವಿನ ಮುಂದೆ ಈ ವಾದ ನಡೆಯುವುದಿಲ್ಲ. ಇಸ್ಲಾಮಿನ ಅದಬು (ನಡತೆಯ ಶಿಸ್ತು) ಬೇರೆ ಕಡೆಯಿಂದ ಶುರುವಾಗುತ್ತದೆ. ಪ್ರವಾದಿಯವರ ಸಂಗಾತಿ ಸಅದ್ (ರ) ವುಝೂ (ನಮಾಝ್‌ಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ಶುದ್ಧಿ) ಮಾಡುತ್ತಿದ್ದಾಗ ಪ್ರವಾದಿ ಮುಹಮ್ಮದ್ (ಸ) ಆ ಕಡೆ ಬಂದರು. 'ಇದೇನು ದುಂದು?' ಎಂದರು. 'ವುಝೂವಿನಲ್ಲೂ ದುಂದು ಇದೆಯೇ?' ಎಂದು ಸಅದ್ ಕೇಳಿದರು. 'ಹೌದು, ಹರಿಯುವ ನದಿಯ ಬಳಿ ಇದ್ದರೂ' ಎಂಬುದು ಉತ್ತರ. ಇಬ್ನು ಮಾಜಾ ಸಂಗ್ರಹದಲ್ಲಿರುವ ಈ ಹದೀಸ್ (ಪ್ರವಾದಿಯವರ ನುಡಿ, ನಡೆಯ ವರದಿ) ಓದುವಾಗಲೆಲ್ಲ ಇದು ಹೇಮಾವತಿ ಹುಟ್ಟುವ ತಾಲ್ಲೂಕಿನ ಮಕ್ಕಳಿಗೇ ಹೇಳಿದ ಹಾಗಿದೆ ಅನ್ನಿಸುತ್ತದೆ. ನೀರು ಇಲ್ಲದಾಗ ಎಲ್ಲರೂ ಉಳಿಸುತ್ತಾರೆ. ಕಣ್ಣೆದುರು ಹರಿಯುತ್ತಿರುವಾಗ ಕೈ ಹಿಡಿಯುವುದನ್ನು ಮಾತ್ರ ಕಲಿಸಬೇಕಾಗುತ್ತದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮನೆ ಮತ್ತು ಮದ್ರಸಗಳಲ್ಲಿ ಇದನ್ನು ಹೇಗೆ ಕಲಿಸಬಹುದು ಎಂಬುದನ್ನು ನೋಡೋಣ.

ಒಂದು ಸೂಚನೆ ಮೊದಲೇ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಅಭ್ಯಾಸ ಕೈಗೆ ಹತ್ತಿದ ಮೇಲೆ ಇನ್ನೊಂದು.

ನಲ್ಲಿಯಿಂದ ಶುರು ಮಾಡಿ

ಏಳು ವರ್ಷ ದಾಟಿದ ಮಗು ಹೇಗೂ ನಮಾಝ್ ಕಲಿಯುತ್ತಿರುತ್ತದೆ. ನಲ್ಲಿಯ ಕೆಳಗೆ ಬಕೆಟ್ ಇಡಿ, ಮಗು ದಿನವೂ ಮಾಡುವ ಹಾಗೇ ವುಝೂ ಮಾಡಲಿ. ನಡುವೆ ಒಂದು ಮಾತೂ ಆಡಬೇಡಿ. ಮುಗಿದ ಮೇಲೆ ಬಕೆಟ್‌ನ ನೀರನ್ನು ಒಂದು ಲೀಟರಿನ ಬಾಟಲಿಯಿಂದ ಮಗುವೇ ಅಳೆಯಲಿ, ಎಷ್ಟು ಬಂತೆಂದು ಮದ್ರಸ ಪುಸ್ತಕದ ಹಿಂಬದಿಯಲ್ಲಿ ತಾನೇ ಬರೆಯಲಿ. ಆಮೇಲೆ ಪ್ರವಾದಿಯವರ ಜೊತೆಗಿದ್ದ ಅನಸ್ (ರ) ಹೇಳಿದ್ದನ್ನು ತಿಳಿಸಿ: ಪ್ರವಾದಿಯವರು (ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು. ಇದು ಬುಖಾರಿ, ಮುಸ್ಲಿಮ್ ಎಂಬ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ದೊಡ್ಡವರೊಬ್ಬರು ಎರಡು ಅಂಗೈ ಜೋಡಿಸಿ ಹಿಡಿದಾಗ ತುಂಬುವಷ್ಟು ಅಳತೆಯೇ ಮುದ್ದ್. ನಾಲ್ಕು ಮುದ್ದ್ ಸೇರಿದರೆ ಒಂದು ಸಾಅ್. ಮದ್ಹಬ್‌ಗಳ (ಧರ್ಮಶಾಸ್ತ್ರದ ಪಂಥಗಳ) ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ, ಮನೆಯ ಬಳಕೆಗೆ ಒಂದು ಮುದ್ದ್ ಎಂದರೆ ಮುಕ್ಕಾಲು ಲೀಟರ್ ಎಂದಿಟ್ಟುಕೊಳ್ಳಿ. ಪುಸ್ತಕದಲ್ಲಿ ಬರೆದ ಅಂಕಿಯ ಪಕ್ಕದಲ್ಲಿ ಈ ಮುಕ್ಕಾಲನ್ನು ಬರೆದರೆ ಸಾಕು, ಉಪದೇಶ ಬೇಕಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಮಗು ಮುಖವನ್ನು ಸರಿಯಾಗಿ ತೊಳೆಯದೆ ನೀರು ಉಳಿಸಲು ಹೊರಡುತ್ತದೆ. ನೀರು ಎಲ್ಲಿ ಪೋಲಾಗುತ್ತದೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಿ. ಮೊದಲು ನಲ್ಲಿ ತಿರುಗಿಸಿ, ಆಮೇಲೆ ಸ್ವೆಟರಿನ ತೋಳು ಮಡಚಲು ಹೊರಡುತ್ತಾರೆ. ಮಡಚಿ ಮುಗಿಯುವವರೆಗೂ ಧಾರೆ ಹರಿಯುತ್ತಲೇ ಇರುತ್ತದೆ. ತಲೆ ಸವರುವುದಕ್ಕೆ ಒದ್ದೆ ಕೈ ಸಾಕು, ಆದರೆ ಆಗಲೂ ನಲ್ಲಿ ತೆರೆದೇ ಇರುತ್ತದೆ. ಕಾಲಿನ ಸರದಿ ಬಂದಾಗ ಪಕ್ಕದವನ ಜೊತೆ ಮಾತು ಶುರು, ಪಾದವನ್ನು ನೀರಿನ ಕೆಳಗೆ ಸುಮ್ಮನೆ ಹಿಡಿದು ನಿಲ್ಲುವುದು. ಆದ್ದರಿಂದ ಕಲಿಸಬೇಕಾದದ್ದು ಮೂರೇ. ತೋಳು, ಪ್ಯಾಂಟು ಮಡಚಿ, ಸಾಕ್ಸ್ ತೆಗೆದು ಆಮೇಲೆ ನಲ್ಲಿಗೆ ಕೈ ಹಾಕು. ತಲೆ ಸವರುವ ಮೊದಲು ನಲ್ಲಿ ನಿಲ್ಲಿಸು. ಕಾಲಿಗೆ ನೀರು ಬಿದ್ದ ತಕ್ಷಣ ಎಡಗೈಯ ಕಿರುಬೆರಳಿನಿಂದ ಬೆರಳ ಸಂದಿ ಉಜ್ಜು; ಉಜ್ಜಿದರೆ ಕಡಿಮೆ ನೀರಲ್ಲೇ ಕೆಲಸ ಮುಗಿಯುತ್ತದೆ. ಮೂರು ಸಲ ತೊಳೆದ ಮೇಲೆ ನಾಲ್ಕನೆಯದು ಪುಣ್ಯವಲ್ಲ, ಮೂರು ಮೀರಿಸಿದವನು ತಪ್ಪು ಮಾಡಿದ ಎಂದೇ ಹದೀಸ್ ಇದೆ.

ಮನೆಯಲ್ಲಿ ನಲ್ಲಿಗಿಂತ ಮಗ್ ಅಥವಾ ಚೊಂಬು ಮೇಲು. ಡಿಸೆಂಬರ್‌ನ ಫಜ್ರ್‌ಗೆ (ನಸುಕಿನ ನಮಾಝ್‌ಗೆ) ಹಂಡೆಯ ಬಿಸಿನೀರು ಬೇಕೇ ಬೇಕಾದ ಮನೆಗಳಲ್ಲಿ ಇದರ ಲಾಭ ಬೇಗ ಕಾಣುತ್ತದೆ. ನೀರು ಕಮ್ಮಿಯಾದರೆ ಸೌದೆಯೂ ಕಮ್ಮಿ, ಸೌದೆ ಹೊರುವವರಿಗೆ ಅದು ಗೊತ್ತು. ಬಕೆಟ್‌ನಲ್ಲಿ ಉಳಿದದ್ದನ್ನು ಕರಿಬೇವಿನ ಬುಡಕ್ಕೆ ಹಾಕುವ ಕೆಲಸ ಅತಿ ಚಿಕ್ಕ ಮಗುವಿಗೆ ಕೊಡಿ, ಜಗಳವಾಡಿ ಮಾಡುತ್ತದೆ.

ಮನೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ಭಾನುವಾರ ನಕ್ಷೆ ಬಿಡಿಸಿ. ಜಾವಳಿಯ ಹತ್ತಿರ ಹುಟ್ಟುವ ಹೇಮಾವತಿ ಸಕಲೇಶಪುರದ ಮೇಲೆ ಹಾದು ಗೊರೂರಿನ ಅಣೆಕಟ್ಟು ಸೇರುತ್ತದೆ, ಅಲ್ಲಿಂದ ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಯ ಪಾಲಾಗುತ್ತದೆ. ಬಾಬಾಬುಡನ್ ಸಾಲಿನಲ್ಲಿ ಹುಟ್ಟುವ ಯಗಚಿ ಬೇಲೂರಿನ ಅಣೆಕಟ್ಟು ದಾಟಿ ಹೇಮಾವತಿಗೇ ಕೂಡುತ್ತದೆ. ನಕ್ಷೆಯಲ್ಲಿ ನಮ್ಮೂರಿನ ಕೆಳಗಿರುವ ಪ್ರತಿ ಊರಿಗೂ ಒಂದು ಚುಕ್ಕಿ. ನಿಂತ ನೀರಿನಲ್ಲಿ ಮೂತ್ರ ಮಾಡಬೇಡಿ, ನೀರಿನ ದಾರಿ, ನಡೆಯುವ ದಾರಿ, ಜನ ಕೂರುವ ನೆರಳು ಈ ಮೂರನ್ನು ಹೊಲಸು ಮಾಡಿ ಶಾಪಕ್ಕೆ ಗುರಿಯಾಗಬೇಡಿ ಎಂಬ ಹದೀಸ್‌ಗಳನ್ನು ಈ ನಕ್ಷೆಯ ಮುಂದೆ ಹೇಳಿ. ಕೆಳಗಿನ ಊರುಗಳಲ್ಲಿ ಒಂದರಲ್ಲಿ ಖಾಲಾನೋ ಮಾಮನೋ ಇದ್ದರೆ ಇನ್ನೂ ಒಳ್ಳೆಯದು.

ತಟ್ಟೆ

ಇದಕ್ಕೆ ಹೆಚ್ಚು ಮಾತು ಬೇಡ. 'ತಿನ್ನಿರಿ, ಕುಡಿಯಿರಿ, ದುಂದು ಮಾಡಬೇಡಿ' ಎಂಬ ಕುರ್‌ಆನ್ ವಚನ (7:31) ಮಕ್ಕಳಿಗೆ ಬಾಯಿಪಾಠವಿರುತ್ತದೆ. ಅನ್ನದ ಯಾವ ಭಾಗದಲ್ಲಿ ಬರಕತ್ (ಅನುಗ್ರಹ) ಇದೆಯೋ ನಿಮಗೆ ಗೊತ್ತಿಲ್ಲ, ಬೆರಳು, ತಟ್ಟೆ ಚೊಕ್ಕ ಮಾಡಿ ಎಂಬ ಹದೀಸನ್ನೂ ಕೇಳಿರುತ್ತಾರೆ. ತೊಂದರೆ ಇರುವುದು ಸೌಟು ಹಿಡಿದ ಕೈಯಲ್ಲಿ. ಪ್ರೀತಿಯಿಂದ ರಾಶಿ ಬಡಿಸಿ, ಆಮೇಲೆ 'ಚೆಲ್ಲಬಾರದು, ಗುನಾ (ಪಾಪ)' ಎಂದು ಮಗುವನ್ನು ಗದರುವುದು ನ್ಯಾಯವಲ್ಲ. ಅರ್ಧ ಬಡಿಸಿ, ಬೇಕಾದರೆ ಕೇಳಿ ಹಾಕಿಸಿಕೊಳ್ಳಲಿ. ವಲೀಮಾ (ಮದುವೆಯ) ಊಟಕ್ಕೆ ಹೋದಾಗ ತನ್ನ ಬಿರಿಯಾನಿಯ ಪಾಲನ್ನು ತಾನೇ ಹೇಳಲು ಬಿಡಿ: 'ಸಾಕು ಚಾಚಾ, ಇಷ್ಟು ಸಾಕು.' ಇದನ್ನು ಹೇಳುವುದಕ್ಕೆ ಮಗುವಿಗೆ ಧೈರ್ಯ ಬೇಕು, ಮನೆಯಲ್ಲೇ ಒಂದೆರಡು ಸಲ ಹೇಳಿಸಿ ಕಳಿಸಿ.

ನಿಮ್ಮ ಮನೆಯದೇ ಸಮಾರಂಭವಾದರೆ ಥರ್ಮಾಕೋಲ್ ತಟ್ಟೆ ತರಬೇಡಿ. ಅಡಿಕೆ ಹಾಳೆಯ ತಟ್ಟೆ, ಬಾಳೆಎಲೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುತ್ತವೆ. ಥರ್ಮಾಕೋಲ್ ಅಲಂಕಾರ, ಪ್ಲಾಸ್ಟಿಕ್ ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ ಎಂಬುದನ್ನು ಹತ್ತನೇ ಕ್ಲಾಸಿನ ಹುಡುಗ ಚಿಕ್ಕಪ್ಪನಿಗೆ ನೆನಪಿಸಿದರೆ ಯಾರೂ ಬೇಸರಿಸಬಾರದು.

ದಾರಿಯ ಮುಳ್ಳು

ಈಮಾನ್‌ಗೆ (ವಿಶ್ವಾಸಕ್ಕೆ) ಎಪ್ಪತ್ತಕ್ಕೂ ಹೆಚ್ಚು ಶಾಖೆಗಳು, ಅವುಗಳಲ್ಲಿ ಕೊನೆಯದು ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು. ಎಸ್ಟೇಟ್ ದಾರಿಯಲ್ಲಿ ನಡೆದು ಮದ್ರಸಕ್ಕೆ ಹೋಗುವ ಮಕ್ಕಳಿಗೆ ಈ ಶಾಖೆ ದಿನಾ ಕಾಲಿಗೆ ಸಿಗುತ್ತದೆ: ಬೇಲಿಯ ತಂತಿ, ಮುಳ್ಳುಕೊಂಬೆ, ಗುಟ್ಕಾ ಚೀಟಿ, ವಾರಾಂತ್ಯದ ಪ್ರವಾಸಿಗರು ಬಿಟ್ಟ ಬಾಟಲಿ. ಮುಳ್ಳಯ್ಯನಗಿರಿ ದಾರಿಯಲ್ಲಿರುವ ಊರಿನವರಿಗೆ ಸೋಮವಾರ ಬೆಳಿಗ್ಗೆ ಹೇಗಿರುತ್ತದೆ ಎಂದು ಹೇಳಬೇಕಿಲ್ಲ.

ಎರಡು ನಿಯಮ ಇರಲಿ. ಹತ್ತು ವರ್ಷದೊಳಗಿನವರು ಗಾಜು, ಸಿರಿಂಜ್, ತುಕ್ಕಿನ ತಂತಿ ಮುಟ್ಟಬಾರದು. ದೊಡ್ಡವರಿಗೆ ತೋರಿಸಿದರೆ ಅದೂ ಪಾಲೇ. ಎತ್ತಿದ್ದನ್ನು ಚರಂಡಿಗೆ ತಳ್ಳಬಾರದು. ಹಾಸನದಂಥ ಊರಲ್ಲಿ ದಾರಿಯ ಕಸ ಚರಂಡಿ ಸೇರಿದರೆ ಮೊದಲ ಮಳೆಗೆ ಅದೇ ದಾರಿಗೆ ವಾಪಸ್ ಬರುತ್ತದೆ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಒಂದು ಹಳೆಯ ಬಟ್ಟೆಚೀಲ, ಕಸದ ಗಾಡಿ ಬರುವ ದಿನ ಅದು ಖಾಲಿ.

ಈದ್ ಮಿಲಾದ್ ಮೆರವಣಿಗೆಯ ಶರಬತ್ತಿನ ಲೋಟಗಳ ಬಗ್ಗೆ ನನಗೆ ಪ್ರತಿ ವರ್ಷ ಸಿಟ್ಟು ಬರುತ್ತದೆ. ದಾರಿಯ ಮುಳ್ಳು ಸರಿಸಲು ಹೇಳಿದ ಪ್ರವಾದಿಯ (ಸ) ಹೆಸರಿನಲ್ಲಿ ದಾರಿ ತುಂಬ ಲೋಟ! ಮಕ್ಕಳಿಂದಲೇ ಇದನ್ನು ತಿದ್ದಿಸಬಹುದು. ಮೆರವಣಿಗೆಯ ಕೊನೆಯಲ್ಲಿ ಗೋಣಿಚೀಲ ಹಿಡಿದ ಹುಡುಗ ಹುಡುಗಿಯರ ಒಂದು ತಂಡ ನಡೆಯಲಿ. ಶರಬತ್ತಿನ ಮೇಜಿನ ಪಕ್ಕ ಸ್ಟೀಲ್ ಲೋಟ, ಎರಡು ಟಬ್ ನೀರು ಇಟ್ಟರೆ ಇನ್ನೂ ಒಳ್ಳೆಯದು, ಆದರೆ ತೊಳೆಯಲು ಜನ ಬೇಕು, ಅದನ್ನು ಮೊದಲೇ ಗೊತ್ತು ಮಾಡಿ.

ಗಿಡ: ನೆಡುವುದು ಸುಲಭ

ಮುಸ್ಲಿಮನೊಬ್ಬ ಗಿಡ ನೆಟ್ಟು, ಅದರಿಂದ ಹಕ್ಕಿ, ಮನುಷ್ಯ, ಪ್ರಾಣಿ ಯಾರೇ ತಿಂದರೂ ಅದು ಅವನ ಪಾಲಿಗೆ ಸದಕ (ದಾನ) ಎಂಬ ಹದೀಸ್ ಎಲ್ಲ ಪೋಸ್ಟರ್‌ಗಳಲ್ಲೂ ಇರುತ್ತದೆ. ಪೋಸ್ಟರ್‌ನಿಂದ ಅದು ಇಳಿಯುವುದು ಹಿತ್ತಿಲಿನ ಸೀಬೆಯನ್ನು ಪಿಕಳಾರ ಕುಕ್ಕಿದ ದಿನ. 'ಉಮ್ಮಾ, ನಂದು ತಿಂದ್ಬಿಡ್ತು!' ಎಂದು ಮಗು ಅಳುತ್ತಾ ಬಂದಾಗ 'ಅದನ್ನೂ ನಿನ್ನ ಲೆಕ್ಕಕ್ಕೇ ಬರೀತಾರೆ ಮಗಾ' ಎಂದು ಹೇಳಿ. ಆ ಹೊತ್ತಿಗೆ ಹೇಳಿದರೆ ಮಾತ್ರ ಅದು ನಿಲ್ಲುತ್ತದೆ.

ಮಳೆಗಾಲದ ಶುರುವಿನಲ್ಲಿ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ದರಕ್ಕೆ ಸಸಿ ಸಿಗುತ್ತವೆ. ಮಲೆನಾಡಿನ ಕಡೆಗೆ ನೇರಳೆ, ಹಲಸು, ಅತ್ತಿ, ನೆಲ್ಲಿ. ಕಡೂರು, ಅರಸೀಕೆರೆ ಕಡೆಗೆ ಹೊಂಗೆ, ಬೇವು, ಹುಣಸೆ. ಸಿಲ್ವರ್ ಓಕ್ ಬೇಡ. ಮೆಣಸಿನ ಬಳ್ಳಿಗೂ ನಾಟಾಕ್ಕೂ ಅದು ಒಳ್ಳೆಯದೇ, ಆದರೆ ಆಸ್ಟ್ರೇಲಿಯಾದಿಂದ ಬಂದ ಆ ಮರದಲ್ಲಿ ನಮ್ಮ ಹಕ್ಕಿಗೆ ತಿನ್ನುವ ಹಣ್ಣಿಲ್ಲ, ಸದಕದ ಪಾಠ ಅಲ್ಲಿಗೇ ನಿಲ್ಲುತ್ತದೆ.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಮೇಲ್ಮಣ್ಣನ್ನು ಬೇರೆ ಇಟ್ಟು, ಅದಕ್ಕೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿ. ಸಸಿಯ ಕಪ್ಪು ಪ್ಲಾಸ್ಟಿಕ್ ಕವರನ್ನು ಮಗುವೇ ಬ್ಲೇಡಿಲ್ಲದೆ, ನಿಧಾನವಾಗಿ ಹರಿದು ತೆಗೆಯಲಿ. ಬೇರಿನ ಮಣ್ಣು ಒಡೆಯಬಾರದು, ಕವರು ಗುಂಡಿಯಲ್ಲಿ ಉಳಿಯಬಾರದು. ಬಿಸ್ಮಿಲ್ಲಾ ಹೇಳಿ ನೆಡಲಿ. ಇಲ್ಲಿಂದ ಮುಂದೆ ಎರಡು ಸೀಮೆಗೆ ಎರಡು ದಾರಿ. ಮಲೆನಾಡಿನಲ್ಲಿ ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡಬೇಕು, ಇಲ್ಲದಿದ್ದರೆ ಜುಲೈ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ಬಯಲುಸೀಮೆಯಲ್ಲಿ ಸುತ್ತ ಪಾತಿ ಮಾಡಿ ನೀರು ನಿಲ್ಲಿಸಬೇಕು. ಆಡು, ದನ ಬಾಯಿ ಹಾಕದಂತೆ ಅಡಿಕೆ ದಬ್ಬೆಯ ಬೇಲಿ. ಮಳೆ ನಿಂತ ಮೇಲೆ, ಡಿಸೆಂಬರ್ ಹೊತ್ತಿಗೆ, ಬುಡಕ್ಕೆ ತರಗೆಲೆ ಮುಚ್ಚಬೇಕು. ಪರಿಸರ ದಿನವಾದ ಜೂನ್ 5ರಂದು ಫೋಟೋ ತೆಗೆಸಿಕೊಂಡ ಸಸಿಗಳು ಸಾಯುವುದು ಮಾರ್ಚ್‌ನಲ್ಲಿ. ಹಾಗಾಗಿ ಬಹುಮಾನ ಕೊಡುವುದೇ ಆದರೆ ನೆಟ್ಟವರಿಗೆ ಬೇಡ, ಮುಂದಿನ ಜೂನ್‌ನಲ್ಲಿ ಜೀವಂತ ಸಸಿ ತೋರಿಸಿದವರಿಗೆ ಕೊಡಿ.

ತೀರಿಕೊಂಡ ದಾದಿಯ (ಅಜ್ಜಿಯ) ಹೆಸರಿನಲ್ಲಿ, ಸದಕ ಜಾರಿಯಾ (ಸತ್ತ ಮೇಲೂ ಪುಣ್ಯ ತರುವ ದಾನ) ಎಂಬ ನಿಯ್ಯತ್ತಿನಿಂದ (ಸಂಕಲ್ಪದಿಂದ) ನೆಟ್ಟ ಗಿಡಕ್ಕೆ ಮಕ್ಕಳು ನೀರು ಮರೆಯುವುದು ಕಡಿಮೆ. ಹಿತ್ತಿಲಿಲ್ಲದ ಮನೆಯವರಿಗೆ ಖಬರಸ್ತಾನ್ ಇದೆ. ಸಮಿತಿಯವರನ್ನು ಕೇಳಿ, ಗೋರಿಗಳಿಗೆ ಬೇರು ತಾಗದಂತೆ ಕಾಂಪೌಂಡಿನ ಅಂಚಿನಲ್ಲಿ ಜಾಗ ಗೊತ್ತು ಮಾಡಿಕೊಳ್ಳಿ. ಮದೀನಾದ ಸುತ್ತಲಿನ ಪ್ರದೇಶವನ್ನು ಪ್ರವಾದಿಯವರು (ಸ) ಹರಮ್ (ಪವಿತ್ರ ರಕ್ಷಿತ ಪ್ರದೇಶ) ಎಂದು ಸಾರಿ ಅಲ್ಲಿ ಮರ ಕಡಿಯುವುದನ್ನು, ಬೇಟೆಯಾಡುವುದನ್ನು ತಡೆದಿದ್ದನ್ನು ಮಕ್ಕಳಿಗೆ ಹೇಳುವಾಗ, ನಮ್ಮ ನೆರೆಯವರು ತಲೆತಲಾಂತರದಿಂದ ಕೊಡಲಿ ಹಾಕದೆ ಉಳಿಸಿಕೊಂಡ ದೇವರಕಾಡಿನ ಮಾತನ್ನೂ ಹೇಳಿ. ಆ ಕಾಡಿನ ಒರತೆಯ ನೀರು ಎಲ್ಲರ ಗದ್ದೆಗೂ ಬರುತ್ತದೆ.

ಸುದ್ದಿ ನೋಡಿ 'ಎಲ್ಲ ಮುಗಿದುಹೋಗುತ್ತದಂತೆ' ಎಂದು ಕಂಗಾಲಾಗುವ ದೊಡ್ಡ ಮಕ್ಕಳಿಗೆ ಇನ್ನೊಂದು ಹದೀಸ್ ಇದೆ: ಕೈಯಲ್ಲಿ ಸಸಿ ಇರುವಾಗ ಕಿಯಾಮತ್ (ಲೋಕದ ಕೊನೆಯ ದಿನ) ಬಂದರೂ, ನೆಡಲು ಸಾಧ್ಯವಾದರೆ ನೆಟ್ಟುಬಿಡಿ. ಮುಸ್ನದ್ ಅಹ್ಮದ್ ಎಂಬ ಸಂಗ್ರಹದಲ್ಲಿದೆ. ವಿವರಣೆ ಸೇರಿಸದೆ ಹೇಳಿ ಬಿಡಿ.

ಹಕ್ಕಿ, ಇರುವೆ, ಆನೆ

ರಬ್ಬರ್ ಕವಣೆ ಕಿತ್ತುಕೊಂಡರೆ ಮಗು ಇನ್ನೊಂದು ಮಾಡಿಕೊಳ್ಳುತ್ತದೆ. ಕಥೆ ಹೇಳುವುದು ವಾಸಿ. ಪ್ರಯಾಣದಲ್ಲಿದ್ದ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಬಂತು. 'ಮರಿಗಳನ್ನು ತೆಗೆದು ಇದರ ಹೊಟ್ಟೆ ಉರಿಸಿದವರು ಯಾರು? ವಾಪಸ್ ಕೊಡಿ' ಎಂದರು ಪ್ರವಾದಿಯವರು (ಸ). ಅದೇ ಪ್ರಯಾಣದಲ್ಲಿ ಇರುವೆ ಗೂಡನ್ನು ಸುಟ್ಟದ್ದನ್ನೂ ಅವರು ಒಪ್ಪಲಿಲ್ಲ. ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಹೆಂಗಸಿನ ಕಥೆ, ಬಾಯಾರಿದ ನಾಯಿಗೆ ಬೂಟಿನಲ್ಲಿ ನೀರು ಮೊಗೆದು ಕೊಟ್ಟವನ ಕಥೆ ಎರಡೂ ಇವೆ. ಚಿಕ್ಕವರಿಗೆ ಎರಡನೆಯದೇ ಸಾಕು. ನರಕದ ಹೆದರಿಕೆಯಿಂದ ನಾಯಿಗೆ ನೀರಿಡುವ ಮಗು ಹೆದರಿಕೆ ಹೋದ ದಿನ ನೀರಿಡುವುದನ್ನೂ ಬಿಡುತ್ತದೆ.

ಬೇಸಿಗೆಯಲ್ಲಿ ಮಣ್ಣಿನ ಅಗಲ ಬಟ್ಟಲಲ್ಲಿ ನೀರಿಡಿ, ಒಳಗೊಂದು ಕಲ್ಲು, ಚಿಕ್ಕ ಹಕ್ಕಿ ಕೂರಲು. ಎರಡು ದಿನಕ್ಕೊಮ್ಮೆ ಉಜ್ಜಿ ಬದಲಿಸದಿದ್ದರೆ ಸೊಳ್ಳೆ ಮರಿ ಮಾಡುತ್ತದೆ, ಡೆಂಗಿ ಬರುತ್ತದೆ.

ಕರುಣೆ ಎಂದರೆ ಹತ್ತಿರ ಹೋಗಿ ಮುಟ್ಟುವುದಲ್ಲ ಎಂಬುದನ್ನೂ ಹೇಳಲೇಬೇಕು. ಹಾವು ಕಂಡರೆ ಹಿಂದೆ ಸರಿದು ದೊಡ್ಡವರನ್ನು ಕರೆಯುವುದು. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಸುತ್ತಾಡುವ ದಿನಗಳಲ್ಲಿ ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಮದ್ರಸಕ್ಕೆ ಕಳಿಸಬೇಡಿ, ಉಸ್ತಾದರೂ ಆ ದಿನ ಹಾಜರಿ ವಿಷಯದಲ್ಲಿ ಪಟ್ಟು ಹಿಡಿಯಬಾರದು. ಪ್ರಾಣಿ ಪಕ್ಷಿಗಳೂ ನಿಮ್ಮಂಥ ಸಮುದಾಯಗಳು ಎನ್ನುವ ಕುರ್‌ಆನ್ ವಚನವನ್ನು (6:38), ನಿನ್ನೆ ರಾತ್ರಿ ಗದ್ದೆ ತುಳಿಸಿಕೊಂಡ ಮನೆಯ ಮಗುವಿಗೆ ಇವತ್ತು ಬೆಳಿಗ್ಗೆ ಪಾಠ ಮಾಡುವ ಅವಸರ ಬೇಡ.

ಕಾಫಿಯ ಹಳ್ಳ, ದೊಡ್ಡ ಮಕ್ಕಳಿಗೆ

ಸೂಫಿ ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಯಮನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜ ತಂದು ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ನಮ್ಮ ಮಕ್ಕಳಿಗೆಲ್ಲ ಗೊತ್ತು. ಹನ್ನೆರಡು ದಾಟಿದವರಿಗೆ ಆ ಬೀಜದ ಮುಂದಿನ ದಾರಿ ತೋರಿಸಿ. ಕೊಯ್ಲಿನ ಕಾಲದಲ್ಲಿ ಪಲ್ಪರ್‌ಗೆ (ಸಿಪ್ಪೆ ಬಿಡಿಸುವ ಯಂತ್ರಕ್ಕೆ) ಹಾಕಿದ ಹಣ್ಣಿನಿಂದ ಸಿಪ್ಪೆ, ಲೋಳೆ ಕಳಚಿಕೊಂಡ ನೀರು ಬರುತ್ತದೆ. ಆ ಲೋಳೆಯಲ್ಲಿ ಸಕ್ಕರೆ ಅಂಶ ಹೆಚ್ಚು. ಹೊಂಡದಲ್ಲಿ ನಿಲ್ಲಿಸಿ ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ ಅದು ಹುಳಿಯುತ್ತಾ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ, ಮೀನು ತೇಲುತ್ತವೆ. ಅಕ್ಟೋಬರ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಅದೇ ಹಳ್ಳದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬಣ್ಣ, ವಾಸನೆ ಹೋಲಿಸಲಿ. ಮನುಷ್ಯರ ಕೈ ಗಳಿಸಿದ್ದರಿಂದಲೇ ನೆಲ, ಜಲದಲ್ಲಿ ಕೇಡು ಕಾಣಿಸಿಕೊಂಡಿದೆ ಎಂಬ ವಚನ (30:41) ಆ ಬಾಟಲಿಯ ಪಕ್ಕದಲ್ಲಿ ಓದಿಸಿ. ಆದರೆ ಕೂಲಿಯವರ ಮಕ್ಕಳನ್ನು ಮುಂದೆ ಮಾಡಿ ತೋಟದ ಮಾಲೀಕರನ್ನು ಪ್ರಶ್ನಿಸಲು ಕಳಿಸಬೇಡಿ. ಆ ಮಾತು ಆಡಬೇಕಾದವರು ದೊಡ್ಡವರು, ಅದರಲ್ಲೂ ತೋಟವಿರುವ ನಮ್ಮವರೇ.

ರಂಝಾನ್, ಬಕ್ರೀದ್, ಮಸೀದಿ

ಈಚಿನ ವರ್ಷಗಳಲ್ಲಿ ರಂಝಾನ್ ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತಿದೆ, ಬಾವಿಯ ನೀರು ಇಳಿಯುವ ಕಾಲ. ಇಫ್ತಾರ್‌ಗೆ ಮಸೀದಿಗೆ ಹೋಗುವ ಪ್ರತಿ ಮಗುವಿನ ಕೈಯಲ್ಲಿ ಮನೆಯದೇ ಒಂದು ಸ್ಟೀಲ್ ಲೋಟವಿರಲಿ. ಪೇಪರ್ ಲೋಟದ ಒಳಗೂ ಪ್ಲಾಸ್ಟಿಕ್ ಪದರವಿದೆ, ಗಂಜಿ ಅದರಲ್ಲಿ ಕುಡಿಯುವುದು ಚೆನ್ನಾಗಿಯೂ ಇರುವುದಿಲ್ಲ.

ಬಕ್ರೀದ್‌ನಲ್ಲಿ ಮಕ್ಕಳಿಗೆ ಮಾಂಸ ಹಂಚುವ ಕೆಲಸ ಮಾತ್ರ ಕೊಡುತ್ತೇವೆ. ರಕ್ತ, ಕರುಳು ಎಲ್ಲಿ ಹೋಯಿತು ಎಂಬುದೂ ಕುರ್ಬಾನಿಯ ಅದಬಿನ ಭಾಗವೇ. ಹಿಂದಿನ ದಿನವೇ ಬಾವಿ, ಹಳ್ಳದಿಂದ ದೂರದಲ್ಲಿ ನಾಯಿ ಕೆದಕದಷ್ಟು ಆಳದ ಗುಂಡಿ ತೋಡಿ, ಮುಚ್ಚುವಾಗ ಸುಣ್ಣ ಹಾಕಿ. ಪಟ್ಟಣದಲ್ಲಾದರೆ ನಗರಸಭೆ ಹೇಳಿದ ಜಾಗಕ್ಕೇ ಕೊಡಿ. ಗುಂಡಿ ತೋಡುವ ಕೆಲಸಕ್ಕೆ ಹದಿನಾಲ್ಕು ವರ್ಷದ ಹುಡುಗ ಚೆನ್ನಾಗಿ ಒದಗುತ್ತಾನೆ.

ಇಷ್ಟೆಲ್ಲ ಕಲಿತ ಮಗು ಒಂದು ದಿನ ಮಸೀದಿಯ ವುಝೂ ಜಾಗದಲ್ಲಿ ದೊಡ್ಡವರೊಬ್ಬರಿಗೆ 'ನಲ್ಲಿ ನಿಲ್ಲಿಸಿ' ಎಂದು ಹೇಳಿಯೇ ಹೇಳುತ್ತದೆ. ಬೈಗುಳ ಬೀಳುತ್ತದೆ. ಆಗ ಮಗುವಿನ ಪರ ನಿಲ್ಲಿ, ಜೊತೆಗೆ ಹಿರಿಯರಿಗೆ ಹೇಳುವ ರೀತಿಯನ್ನೂ ಕಲಿಸಿ: ಸಲಾಂ ಹೇಳಿ, ಮೆಲ್ಲಗೆ, 'ಚಾಚಾ, ನಾನು ನಿಲ್ಲಿಸಲಾ?' ಎಂದು ಕೇಳಬೇಕು. ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು ಅಂಕಿ. ಮದ್ರಸದ ಮಕ್ಕಳು ಒಂದು ಶುಕ್ರವಾರದ ಜುಮಾದ ಮೊದಲು ಮಸೀದಿಯ ಟ್ಯಾಂಕ್‌ನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಲಿ, ನಮಾಝ್ ಆದ ಮೇಲೆ ಇನ್ನೊಂದು ಗುರುತು. ಟ್ಯಾಂಕ್ ಹತ್ತುವುದು ದೊಡ್ಡವರೇ. ವ್ಯತ್ಯಾಸವನ್ನು ಲೀಟರಿಗೆ ಇಳಿಸಿ, ಬಂದವರ ತಲೆಗೆ ಭಾಗಿಸಿ, ಪಕ್ಕದಲ್ಲಿ ಮುಕ್ಕಾಲು ಲೀಟರ್ ಎಂದು ಬರೆದು ಸಮಿತಿಗೆ ಕೊಡಿ. ಒತ್ತಿದಷ್ಟು ಹೊತ್ತು ಮಾತ್ರ ಹರಿಯುವ ನಲ್ಲಿ ಹಾಕಿಸಿ ಎಂಬ ಒಂದೇ ಬೇಡಿಕೆ ಅದರಲ್ಲಿರಲಿ. ದುಡ್ಡಿಲ್ಲ ಎಂದರೆ ಮೊದಲು ಎರಡು ನಲ್ಲಿಗೆ ಕೇಳಿ, ಹರಿದು ಹೋಗುವ ನೀರನ್ನು ಕಾಂಪೌಂಡಿನ ತೆಂಗಿನ ಬುಡಕ್ಕೆ ತಿರುಗಿಸುವ ಪೈಪನ್ನು ಅದೇ ಪ್ಲಂಬರ್ ಕೈಯಲ್ಲಿ ಹಾಕಿಸಿಕೊಳ್ಳಿ.